ಪೆಟ್ಟಿಗೆಯೊಳಗಿನ ಒಲಿಂಡಾ

ಒಲಿಂಡಾ ಆಂಟಿಯ ಬಾಯಿ ಒಳ್ಳೆಯದಲ್ಲ. ದುಬೈನ ಕರಾಮದ ನಮ್ಮ ಫ್ಲ್ಯಾಟಿನಲ್ಲಿ ನನ್ನ ಪಕ್ಕದ ಮಂಚವೇ ಅವರದು, ಆದ್ದರಿಂದ ಧೈರ್ಯವಾಗಿ ಹೇಳಬಲ್ಲೆ. ಯಾರಾದರೂ ಪಾತ್ರೆ ತೊಳೆಯದೆ ಬಿಟ್ಟರೆ ಅವರ ಏಳು ತಲೆಮಾರನ್ನು ಜಾಲಾಡಿಬಿಡುತ್ತಾರೆ. ಆದರೆ ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಫೋನ್ ಆಪರೇಟರ್ ಆಗಿದ್ದಾಗ ಅದೇ ಬಾಯಿ ಬೆಣ್ಣೆಯಾಗುತ್ತಿತ್ತು. ತುಳು, ಕೊಂಕಣಿ, ಕನ್ನಡ, ಹಿಂದಿ, ರೋಗಿಯ ಕಡೆಯವರು ಯಾವ ಭಾಷೆಯಲ್ಲಿ ಅತ್ತರೂ ಅದೇ ಭಾಷೆಯಲ್ಲಿ ಸಮಾಧಾನ ಹೇಳುತ್ತಿದ್ದರು.

ಈಗ ಆ ಆಸ್ಪತ್ರೆಗೆ ಫೋನ್ ಮಾಡಿದರೆ ಒಂದು ಯಂತ್ರ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುತ್ತದೆ. ಮ್ಯಾನೇಜರ್ ದ್ವಾರಕನಾಥ ಅದನ್ನು ತರಿಸಿ ಆಂಟಿಯನ್ನು ತೆಗೆದ. ಎದುರು ಕೂರಿಸಿ ಮಾತಾಡುವಷ್ಟು ಮರ್ಯಾದೆಯೂ ಇಲ್ಲ, ಇಮೇಲಿನಲ್ಲೇ ಖಲಾಸ್. ವೀಸಾ ಕ್ಯಾನ್ಸಲ್ ಆಯಿತು. ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಊರಲ್ಲಿ, ಬಜ್ಪೆಯ ಮನೆಯಲ್ಲಿ ಅಣ್ಣನ ಸಂಸಾರ, ಅಲ್ಲಿ ಇವರು ಯಾರಿಗೂ ಬೇಡ. ಆಗ ಸಿಕ್ಕಿದವನು ಶ್ರೀನಿಧಿ, ಯಂತ್ರ, ಪರದೆಗಳಿಂದ ಕಲಾಕೃತಿ ಮಾಡುವ ಬೆಂಗಳೂರಿನ ಮೀಡಿಯಾ ಕಲಾವಿದ.

‘ಮನುಷ್ಯನೆಂದರೆ ಯಾರು?’ ಎಂಬುದು ಅವನ ಕಲಾಕೃತಿ. ಆಳೆತ್ತರದ ಬಿಳಿ ಪೆಟ್ಟಿಗೆ. ಜನ ಏನು ಕೇಳಿದರೂ ಅವರವರ ಭಾಷೆಯಲ್ಲಿ ಉತ್ತರ ಕೊಡುವ ಯಂತ್ರವಂತೆ. ಪ್ರದರ್ಶನ ಹತ್ತಿರ ಬಂದರೂ ಯಂತ್ರಕ್ಕೆ ಮಾತು ಬರಲಿಲ್ಲ. ಅದಕ್ಕೇ ಒಳಗೆ ಆಂಟಿಯನ್ನು ಕೂರಿಸಿ, ದನಿಯನ್ನು ತಗಡಿನಂತೆ ಮಾಡುವ ಮೈಕು ಕೊಟ್ಟ. ಗುಟ್ಟು ಹೊರಬೀಳದಿದ್ದರೆ ತನ್ನ ದುಬೈ ಕಂಪನಿಯಿಂದ ವೀಸಾ ಕೊಡುತ್ತೇನೆಂದ. ಕಲೆಯಂತೆ ಕಲೆ! ನಾನಾಗಿದ್ದರೆ ಆ ಪೆಟ್ಟಿಗೆಯನ್ನು ಅವನ ತಲೆಯ ಮೇಲೇ ಕೆಡವುತ್ತಿದ್ದೆ.

ಉದ್ಘಾಟನೆಯ ಸಂಜೆ ನಾನೂ ಹೋಗಿದ್ದೆ. ಜ್ಯೂಸಿನ ಲೋಟ ಹಿಡಿದ ದೊಡ್ಡ ಮನುಷ್ಯರು ಪೆಟ್ಟಿಗೆಯನ್ನು ಒದ್ದರು, ಹೊಲಸು ಮಾತಿನಲ್ಲಿ ಬೈದರು. ಯಂತ್ರಕ್ಕೆ ನೋವಾಗುತ್ತದೆಯೋ ಎಂದು ನೋಡಬೇಕಂತೆ. “ನನಗೆ ನೋವಾಗುವುದಿಲ್ಲ,” ಎಂದು ಒಳಗಿನಿಂದ ತಗಡಿನ ದನಿ ಹೇಳುತ್ತಲೇ ಇತ್ತು. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಪೆಟ್ಟಿಗೆಗೆ ಪ್ರಶ್ನೆ ಕೇಳಲು ಶ್ರೀನಿಧಿ ಅತಿಥಿಗಳ ಸಾಲಿನಿಂದ ಒಬ್ಬನನ್ನು ಹೆಸರು ಹಿಡಿದು ಕರೆದ. ದ್ವಾರಕನಾಥ!

“ನಮ್ ಹಾಸ್ಪಿಟಲ್‌ನಲ್ಲಿ ಮುಂಚೆ ಒಲಿಂಡಾ ಅಂತ ಒಬ್ಬಳು ಆಪರೇಟರ್ ಇದ್ದಳು,” ಎಂದು ಅವನು ಪೆಟ್ಟಿಗೆಗೆ ಹೇಳಿದ. “ಫೋನ್ ಮಾಡಿದೋರ ಜೊತೆ ತಾನೂ ಅಳೋಳಂತೆ. ಟೈಮ್ ವೇಸ್ಟ್. ನೀನು ಅವಳಿಗಿಂತ ವಾಸಿ ಅಲ್ವಾ?”

ಆಂಟಿ ‘ಹೌದು’ ಎಂದುಬಿಟ್ಟರೆ ವೀಸಾ ಸಿಗುತ್ತದೆ. ಹೇಳಿಬಿಡಿ ಆಂಟಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಪೆಟ್ಟಿಗೆಯ ಬಾಗಿಲು ಧಡಾರನೆ ತೆರೆಯಿತು. ಬೆವರಿನಲ್ಲಿ ತೊಯ್ದ ಆಂಟಿ ಹೊರಬಂದರು.

“ಆ ಒಲಿಂಡಾ ನಾನೇ! ಮಗು ಸತ್ತ ತಾಯಿ ಫೋನಲ್ಲಿ ಅಳುವಾಗ ಒಂದು ಒತ್ತಿ, ಎರಡು ಒತ್ತಿ ಅಂತ ಹೇಳ್ಲಿಕ್ಕೆ ಆಗ್ತದಾ? ಅತ್ತದ್ದು ಹೌದು. ನಿಮಗೆ ಅಳು ಬರುದಿಲ್ಲ ಅಂದ್ರೆ ಅದು ನಿಮ್ಮ ಕರ್ಮ!”

ಶ್ರೀನಿಧಿಯ ಮುಖ ಸುಣ್ಣದ ಹಾಗಾಯಿತು. ಆದರೆ ಆಸಾಮಿ ಚಾಲಾಕಿ. ಮೈಕು ಕಿತ್ತುಕೊಂಡು, “ಇದೇ ನಮ್ಮ ಆರ್ಟ್‌ವರ್ಕ್‌ನ ಕ್ಲೈಮ್ಯಾಕ್ಸ್!” ಎಂದುಬಿಟ್ಟ.

ಸಭಾಂಗಣದ ತುಂಬ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವನು ದ್ವಾರಕನಾಥ; ಆಂಟಿಯ ಮುಖವನ್ನೇ ಅವನು ಎಂದೂ ನೋಡಿರಲಿಲ್ಲವಲ್ಲ. “ನಮ್ ಹಾಸ್ಪಿಟಲ್ ವಿಷಯಾನೂ ಹುಡುಕಿದಾರೆ. ಏನು ರಿಸರ್ಚ್ ರೀ!” ಎಂದು ಪಕ್ಕದವರಿಗೆ ಹೇಳಿದ. “ನಾಟಕ ಅಲ್ಲ ಇದು!” ಎಂದು ಆಂಟಿ ಕಿರುಚಿದಷ್ಟೂ ಚಪ್ಪಾಳೆ ಏರಿತು. ಮೊಬೈಲುಗಳು ಮೇಲೆದ್ದವು.

“ದಿನಾ ಹೀಗೇ ಸಿಟ್ಟು ಮಾಡ್ಕೊಂಡು ಹೊರಗೆ ಬನ್ನಿ ಆಂಟಿ,” ಎಂದು ಶ್ರೀನಿಧಿ ಆಮೇಲೆ ನಮ್ಮಿಬ್ಬರ ಬಳಿ ಬಂದು ಪಿಸುಗುಟ್ಟಿದ. “ವೀಸಾ ಪಕ್ಕಾ.”

ಆಂಟಿ ಹೂಂ ಎಂದು ತಲೆಯಾಡಿಸಿದರು. ಹೊಟ್ಟೆಪಾಡು ಕೇಳಬೇಕಲ್ಲ. ಮೆಟ್ರೋದಲ್ಲಿ ಬರುವಾಗ ನಾನು ಶ್ರೀನಿಧಿ, ದ್ವಾರಕನಾಥ ಇಬ್ಬರಿಗೂ ಹಿಡಿಶಾಪ ಹಾಕುತ್ತಲೇ ಇದ್ದೆ. ಆಂಟಿ ಮಾತ್ರ ಯಾರನ್ನೂ ಬೈಯಲಿಲ್ಲ.

“ವೀಸಾ ಏನೋ ಆಯ್ತು ಬಿಂದು,” ಎಂದರು. “ಆದ್ರೆ ಇನ್ನು ನಾನು ನಿಜವಾಗಿ ಅತ್ತರೆ ಯಾರು ನಂಬ್ತಾರೆ?”