ಬಾಣಂತಿ ಬ್ಲಾಕಿನ ರಾಣಿ

ಇತಿಹಾಸ ಬರೆಯುವವರಿಗೆ ಈಗ ಅಂತರ್ಜಾಲದಲ್ಲಿ ಜಾಗಕ್ಕೇನು ಬರ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಜಾಗ ಬೇಕಾದಷ್ಟಿದೆ. ಆದರೆ ಅಲ್ಲಿ ರಾಜರುಗಳು ಕಾಲು ಚಾಚಿಕೊಂಡು ಕೂತಿದ್ದಾರೆ, ಉಳಿದವರಿಗೆ ನಿಲ್ಲಲೂ ಎಡೆಯಿಲ್ಲ.

ನಾನು ಪಲ್ಪರ್ ರಿಪೇರಿ ಮಾಡುವವನು. ಮೂಡಿಗೆರೆಯಲ್ಲಿ ಸಣ್ಣ ಅಂಗಡಿ ಇದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರ ಕೊಯ್ಲಿನ ಕಾಲದಲ್ಲಿ ಕೈಕೊಟ್ಟರೆ ರಾಶಿ ಹಾಕಿದ ಹಣ್ಣು ಹಾಳಾಗುತ್ತದೆ. ಹಾಗಾಗಿ ಆಗೆಲ್ಲ ಜೀಪು ಹತ್ತಿ ಎಸ್ಟೇಟಿನಿಂದ ಎಸ್ಟೇಟಿಗೆ ತಿರುಗುತ್ತಿರುತ್ತೇನೆ. ಹೋದಲ್ಲೆಲ್ಲ ಹಳೆಯ ಸಂಗತಿ ಕೇಳುವುದು, ಬರೆಯುವುದು ನನ್ನ ಹುಚ್ಚು. “ಗ್ರೀಸು ಕೈಯಲ್ಲಿ ಎಂಥ ಇತಿಹಾಸ ಮಾರಾಯ?” ಎಂದು ಸ್ನೇಹಿತರು ಕಿಚಾಯಿಸುತ್ತಾರೆ. ಕಿಚಾಯಿಸಲಿ.

ಕಳಸದ ದಾರಿಯ ಒಂದು ಎಸ್ಟೇಟಿನಲ್ಲಿ, ತೋಟದ ಒಂದು ಭಾಗವನ್ನು ಕೆಲಸದವರು ಬಾಣಂತಿ ಬ್ಲಾಕ್ ಎನ್ನುತ್ತಾರೆ. ನಕ್ಷೆಯಲ್ಲಿ ಅದಕ್ಕೆ ಬರೀ ನಂಬರು. ಆ ಹೆಸರಿನ ಹಿಂದಿನದನ್ನು ಹೇಳಿದ್ದು ಅಲ್ಲಿಯ ಕೂಲಿಯವರ ಲೈನ್ ಮನೆಯಲ್ಲಿರುವ ಅಜ್ಜಿ. ಅವರ ಅವ್ವ ತುಂಬು ಬಸುರಿಯಾಗಿದ್ದಾಗಲೂ ಹಣ್ಣು ಕೊಯ್ಯಲು ಹೋಗಿದ್ದರು. ಆ ಬ್ಲಾಕಿನಲ್ಲೇ ನೋವು ಬಂತು. ಜೊತೆಯ ಹೆಂಗಸರು ನೆಲಕ್ಕೆ ಚೀಲ ಹಾಸಿ, ಸುತ್ತ ಕಂಬಳಿ ಹಿಡಿದು ನಿಂತರು. ಹೆರಿಗೆಯಾಯಿತು. ಮೇಸ್ತ್ರಿ ಆಕೆಗೆ ಅರ್ಧ ದಿನದ ಹಾಜರಿ ಹಾಕಿದ. ಆ ಸಿಟ್ಟಿಗೆ ಹೆಂಗಸರೆಲ್ಲ ಸೇರಿ ಆ ಜಾಗವನ್ನು ಬಾಣಂತಿ ಬ್ಲಾಕ್ ಎಂದೇ ಕರೆಯತೊಡಗಿದರು. ಕೊನೆಗೆ ಮೇಸ್ತ್ರಿಯೂ ಅದೇ ಹೆಸರು ಹೇಳಿ ಕೆಲಸಕ್ಕೆ ಕಳಿಸಬೇಕಾಯಿತು. ಅಂದು ಹುಟ್ಟಿದ ಹೆಣ್ಣು ಮಗುವೇ ಈ ಅಜ್ಜಿ.

“ನಾನು ಕಣ್ಮುಚ್ಚೋದ್ರೊಳಗೆ ಅವ್ವನ ವಿಷ್ಯ ನಾಕು ಜನ ಓದೋ ಹಂಗೆ ಮಾಡು ಮಗಾ” ಎಂದು ಕೇಳಿಕೊಂಡಿದ್ದರು.

ಬರೆದು ಇತಿಹಾಸದ ಒಂದು ಜಾಲತಾಣಕ್ಕೆ ಕಳಿಸಿದೆ. ಯಾವ ರಾಜಮನೆತನದ ಕಾಲ, ಶಾಸನವೇನಾದರೂ ಸಿಕ್ಕಿದೆಯೇ ಎಂದು ಕೇಳಿದರು. ಅರ್ಧ ಹಾಜರಿಗೆ ಯಾರಾದರೂ ಶಾಸನ ಕೆತ್ತಿಸುತ್ತಾರೆಯೇ? ಇನ್ನೊಂದು ತಾಣದ ಮಹಾಶಯ ಫೋನೇ ಮಾಡಿದ. “ಆ ಬಾಣಂತಿ ದೆವ್ವ ಆಗಿ ಕಾಣಿಸ್ಕೊಂಡಿದ್ದುಂಟಾ ಸರ್? ಇದ್ರೆ ಚೆನ್ನಾಗಿ ಓಡುತ್ತೆ” ಎಂದ. ಅವನಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಕಾಳುಮೆಣಸಿನ ರೇಟು, ಗುಡ್ ಮಾರ್ನಿಂಗ್ ಹೂವುಗಳ ನಡುವೆ ಸಂಜೆಯೊಳಗೆ ಮುಳುಗಿಹೋಯಿತು.

ಆಮೇಲೆ ಆ ಎಸ್ಟೇಟಿನ ಯುವ ಮಾಲೀಕರೇ ಕೇಳಿದರು. “ನಮ್ಮ ಹೋಂಸ್ಟೇ ವೆಬ್‌ಸೈಟಲ್ಲಿ ಹಾಕೋಣ, ಕೊಡಿ.” ಸಂತೋಷದಿಂದಲೇ ಕೊಟ್ಟೆ. ವಾರ ಕಳೆದು ತೆರೆದು ನೋಡಿದರೆ, ಶತ್ರುಗಳಿಂದ ತಪ್ಪಿಸಿಕೊಂಡು ಬಂದ ಗರ್ಭಿಣಿ ರಾಣಿಯೊಬ್ಬಳು ಆ ತೋಟದಲ್ಲಿ ರಾಜಕುಮಾರನನ್ನು ಹೆತ್ತಿದ್ದಳು! ಚೀಲ, ಕಂಬಳಿ, ಮೇಸ್ತ್ರಿ, ಅರ್ಧ ಹಾಜರಿ ಯಾವುದೂ ಇರಲಿಲ್ಲ. ಕೆಳಗೆ ‘ಮಾಹಿತಿ ಕೃಪೆ’ ಎಂದು ನನ್ನ ಹೆಸರು ಬೇರೆ.

ನೇರ ಹೋಗಿ ಕೇಳಿದೆ. ಅವರಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. “ಇದ್ರಲ್ಲಿ ಬೇಜಾರಾಗೋದು ಏನಿದೆ ಮಾರಾಯ್ರೇ? ಕೂಲಿಯವ್ಳನ್ನ ರಾಣಿ ಮಾಡಿದೀವಿ. ಅವ್ರಿಗೂ ಮರ್ಯಾದೆ ಅಲ್ವಾ?” ಎಂದು ಕಾಫಿ ತರಿಸಿದರು. ನಾನು ಕುಡಿಯದೆ ಎದ್ದು ಬಂದೆ.

ಅಷ್ಟಕ್ಕೇ ಮುಗಿಯಲಿಲ್ಲ. ಊರುಗಳ ಚರಿತ್ರೆ ಕಲೆಹಾಕುವ ಮತ್ತೊಂದು ತಾಣ ಆ ರಾಣಿಯನ್ನು ಎತ್ತಿಕೊಂಡು ತನ್ನ ಪುಟದಲ್ಲಿ ಕೂರಿಸಿತು. ತಪ್ಪು ಎಂದು ಬರೆದೆ. ಉತ್ತರ ಬಂತು: “ರಾಣಿಯ ವಿಷಯಕ್ಕೆ ಪ್ರಕಟವಾದ ಆಧಾರವಿದೆ. ನಿಮ್ಮ ಮಾತಿಗೆ ಆಧಾರವೇನು?” ಅವರು ತೋರಿಸಿದ ಆಧಾರ ಆ ಹೋಂಸ್ಟೇ ಪುಟ. ನನ್ನ ಬರಹವನ್ನೇ ತಿರುಚಿ, ಅದನ್ನೇ ನನ್ನ ಮುಖಕ್ಕೆ ಹಿಡಿದಿದ್ದರು. ಇಂಥವರಿಗೆ ಇತಿಹಾಸಕಾರರೆಂಬ ಹೆಸರು ಬೇರೆ ಕೇಡು.

ಈ ಸಲದ ಕೊಯ್ಲಿನಲ್ಲಿ ಅದೇ ಎಸ್ಟೇಟಿನ ಪಲ್ಪರ್ ಮತ್ತೆ ನಿಂತಿತು. ಹೋದೆ. ಕೆಲಸ ಮುಗಿಸಿ ಲೈನಿನತ್ತ ಹೊರಟರೆ ಅಜ್ಜಿ ಜಗಲಿಯಲ್ಲೇ ಕೂತಿದ್ದರು. ಹೋಂಸ್ಟೇಗೆ ಬಂದವರು ಬ್ಲಾಕಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ಅವರು ನೋಡಿದ್ದರು.

“ಯಾವ್ದೋ ರಾಣಿ ಅಂತಾರಲ್ಲ, ಏನದು?”

ನಾನು ವೆಬ್‌ಸೈಟಿನ ರಾಣಿಯ ವಿಷಯ ಹೇಳಿ, ಮೊಬೈಲಿನಲ್ಲಿದ್ದ ನನ್ನ ಮೊದಲಿನ ಬರಹವನ್ನು ಓದಿದೆ. ಅವರು ಕಣ್ಣು ಮಿಟುಕಿಸದೆ ಕೇಳಿದರು.

“ಇದು ಸರಿಯಾಗಿದೆ. ಇದನ್ಯಾಕೆ ಹಾಕ್ಲಿಲ್ಲ?”

“ಆಧಾರ ಇಲ್ವಂತೆ ಅಜ್ಜಿ.”

ಅಜ್ಜಿ ಕಂಬ ಹಿಡಿದು ಎದ್ದು ನಿಂತರು.

“ಕರ್ಕೊಂಡ್ ಬಾ ಅವ್ರನ್ನ. ನಾನು ಹುಟ್ಟೇ ಇಲ್ಲ ಅಂತ ನನ್ನೆದ್ರಿಗೆ ನಿಂತು ಹೇಳ್ಲಿ.”