ಹೊಲಿಗೆ ಅಕ್ಕ ನಾಯಿಯನ್ನು ಎತ್ತಿಕೊಂಡ ದಿನ

ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಸದ್ದು ಇದ್ದಕ್ಕಿದ್ದಂತೆ ನಿಂತರೆ ನಾನು ಕೈಗೆಲಸ ಬಿಟ್ಟು ಏಳುತ್ತಿದ್ದೆ. ಹೊಲಿಗೆ ಅಕ್ಕನ ತಮ್ಮ ನಾಯಿಯನ್ನು ಹಿಂಬಾಗಿಲಿಗೆ ತಂದಿದ್ದಾನೆ ಎಂದೇ ಅರ್ಥ. ನಾಯಿಕಾಳಗದಲ್ಲಿ ಮೈ ಸೀಳಿಸಿಕೊಂಡ ನಾಯಿ. ಮೇಲೆ ಅಂಬೆಗಾಲಿಡುವ ನನ್ನ ಮಗಳು, ಕೆಳಗೆ ಅದು! ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿ, ಹಾಕಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡುತ್ತಿದ್ದೆ.

ಅಕ್ಕ ತಾಯಿಯಿಲ್ಲದ ತಮ್ಮನನ್ನು ಹೊಲಿಗೆಯಿಂದಲೇ ಸಾಕಿದವಳು. ಸಮವಸ್ತ್ರ, ಪರದೆ, ದಿಂಬಿನ ಚೀಲ, ಏನು ಕೊಟ್ಟರೂ ಹೊಲಿಯುವಳು. ಪಶು ಆಸ್ಪತ್ರೆಯಲ್ಲಿ ಗಾಯ ಹೇಗಾಯಿತೆಂದು ಕೇಳುತ್ತಾರಲ್ಲ, ಹಾಗಾಗಿ ಅವನು ನಾಯಿಯನ್ನೂ ಅವಳ ಮುಂದೆಯೇ ಮಲಗಿಸುತ್ತಿದ್ದ. ಅವಳು ಸೂಜಿ ಕುದಿಸಿ, ಅವನನ್ನು ಬೈಯುತ್ತಲೇ ಹೊಲಿಯುತ್ತಿದ್ದಳು. ನಾಯಿ ಕರಿಯ ಅವಳ ಮೊಣಕೈ ನೆಕ್ಕುತ್ತಾ ಸಹಿಸಿಕೊಳ್ಳುತ್ತಿತ್ತು.

ಆ ದಿನ ಕರಿಯನ ಕತ್ತಿನ ಗಾಯ ಇನ್ನೂ ಮಾಗಿರಲಿಲ್ಲ. ನಾನು ಮಗಳ ಫ್ರಾಕಿಗೆ ಅಳತೆ ಕೊಡಲು ಹೋಗಿದ್ದಾಗ ತಮ್ಮ ಬಂದು ಹಿಂಬಾಗಿಲಲ್ಲಿ ಕಟ್ಟಿದ್ದ ಅದರ ಹಗ್ಗ ಬಿಚ್ಚಿದ.

“ಎಲ್ಲಿಗೋ?”

“ಗೋದಾಮಿಗೆ. ಇವತ್ತು ಕಾಳಗಕ್ಕೆ ಒಳ್ಳೇ ಜೋಡಿ ಸಿಕ್ಕಿದೆ ಅಕ್ಕ. ಏನಾದ್ರೂ ಆದ್ರೆ ನೀನಿದ್ದೀಯಲ್ಲ!”

ಅವನು ಹೋದರೂ ಅಕ್ಕನ ಕತ್ತರಿ ಬಟ್ಟೆಯ ನಡುವೆಯೇ ನಿಂತಿತ್ತು.

“ಕೇಳಿದ್ಯೇನಮ್ಮ? ನಾನಿದ್ದೀನಂತೆ! ನಾನು ಹೊಲೀತೀನಿ ಅನ್ನೋ ಧೈರ್ಯಕ್ಕೇ ಅದನ್ನ ಕಣಕ್ಕೆ ಬಿಡ್ತಾನೆ.”

“ಹೊಲೀದೆ ಬಿಟ್ರೆ ಸತ್ತೇ ಹೋಗುತ್ತಲ್ಲ ಅಕ್ಕ?”

“ಅದೇ ನೋಡು ಗಂಟಲಲ್ಲಿ ಸಿಕ್ಕೊಂಡಿರೋದು. ಹೊಲಿದ್ರೂ ಕೊಲ್ತಿರೋಳು ನಾನೇ, ಬಿಟ್ರೂ ನಾನೇ.”

ಕಾಳಗದವರಲ್ಲಿ ಒಂದು ಕಟ್ಟುಪಾಡಿದೆ. ಎರಡೂ ನಾಯಿಗಳು ಹಲಗೆಯ ಆವರಣಕ್ಕಿಳಿದ ಮೇಲೆ ಮನೆಯವರು ತಮ್ಮದನ್ನು ಎತ್ತಿಕೊಂಡರೆ ಅದು ಸೋತಂತೆ. ಆ ನಾಯಿಗೆ ಮತ್ತೆಂದೂ ಯಾರೂ ಜೋಡಿ ಕೊಡುವುದಿಲ್ಲ. ಹಾಗೆ ಎತ್ತಿದವನೊಬ್ಬನನ್ನು ಆಡಿಕೊಂಡು ನಗುವಾಗ ತಮ್ಮನೇ ಹೇಳಿದ್ದು.

ಅಕ್ಕ ದಪ್ಪ ಪರದೆ ಬಟ್ಟೆಯನ್ನು ಎರಡೂ ಕೈಗೆ ಸುತ್ತಿಕೊಂಡಳು.

“ಬೆರಳಿಗೇನಾದ್ರೂ ಆದ್ರೆ? ಅಂಗಡಿ ಗತಿ?”

“ಗುಂಡಿ ಹಚ್ಚೋದು ನಿಂಗೆ ಕಲಿಸ್ತೀನಿ. ಹೇಗೂ ಕೂತು ಹೆದರ್ಕೊಂಡೇ ಇರ್ತೀಯ.”

ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ನಾನೂ ಹಿಂದೆಯೇ ಓಡಿದೆ. ಗೋದಾಮಿನ ಒಳಗೆ ಹೋಗದೆ ಬಾಗಿಲಿನಿಂದಲೇ ಇಣುಕಿದೆ. ಎರಡೂ ನಾಯಿಗಳು ಆವರಣಕ್ಕಿಳಿದಿದ್ದವು; ಎದುರು ನಾಯಿಯ ಹಗ್ಗ ಬಿಚ್ಚುವ ಮೊದಲೇ ಅಕ್ಕ ಹಲಗೆ ದಾಟಿಬಿಟ್ಟಿದ್ದಳು. ರೊಚ್ಚಿಗೆದ್ದಿದ್ದ ಕರಿಯ ಅವಳ ಕೈಗೇ ಬಾಯಿ ಹಾಕಿತು. ಪರದೆ ಬಟ್ಟೆ ಪರ್ರನೆ ಹರಿಯಿತು.

“ನಾನು ಕಣೋ,” ಎಂದಳು, ಕೈ ಎಳೆದುಕೊಳ್ಳದೆ.

ದನಿ ಗುರುತಾಯಿತೋ ಏನೋ, ಹಲ್ಲು ಸಡಿಲಾಯಿತು. ಅವಳು ಅದನ್ನು ಎದೆಗವಚಿ ಎತ್ತಿಕೊಂಡಳು.

“ಎತ್ತಿದ್ಲು! ಎತ್ತಿದ್ಲು!” ಗೋದಾಮಿಗೆ ಗೋದಾಮೇ ನಕ್ಕಿತು.

“ನನ್ನ ಮಾನ ಕಳೆದೆಯಲ್ಲ ಅಕ್ಕ!” ತಮ್ಮ ಕಿರುಚಿದ.

“ಮಾನ ಹರಿದಿದ್ರೆ ತಗೊಂಡು ಬಾ, ಹೊಲಿದು ಕೊಡ್ತೀನಿ. ನಾಯಿನ ಮಾತ್ರ ಇನ್ನು ಹೊಲಿಯೋದಿಲ್ಲ.”

ಈಗ ಕರಿಯ ಅಂಗಡಿಯ ಮೇಜಿನ ಕೆಳಗೆ, ಬಟ್ಟೆ ಚೂರುಗಳ ಮೇಲೆ ಮಲಗುತ್ತದೆ. ಅಂದು ಹಲ್ಲು ತಗುಲಿದ ಕಿರುಬೆರಳನ್ನು ಅಕ್ಕನಿಗೆ ಪೂರ್ತಿ ಮಡಚಲಾಗುವುದಿಲ್ಲ. ತಮ್ಮ ಎದುರು ಸಿಕ್ಕರೂ ಮುಖ ತಿರುಗಿಸುತ್ತಾನೆ. ಚಿಲಕವನ್ನು ನಾನು ಈಗಲೂ ಎರಡೆರಡು ಸಲ ನೋಡುತ್ತೇನೆ, ಸುಳ್ಳೇಕೆ ಹೇಳಲಿ? ಅವನು ಕಾಳಗಕ್ಕೆ ಬೇರೆ ಮರಿ ತರುತ್ತಾನೆಂದು ಕಿವಿಗೆ ಬಿದ್ದಾಗಲೂ ತಡೆಯಲಾರದೆ ಅಕ್ಕನಿಗೆ ಹೇಳಲು ಕೆಳಗೋಡಿದೆ.

ಅಕ್ಕ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದಳು.

“ತರಲಿ. ಅದನ್ನೂ ಎತ್ಕೊಂಡು ಬರ್ತೀನಿ. ಮೇಜಿನ ಕೆಳಗೆ ಜಾಗ ಇದೆ.”