ಅತ್ತೆಯ ಅಂಗೈ, ಅಪ್ಪನ ತಗಡು

ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಅತ್ತೆಯ ಆಫೀಸಿನಲ್ಲಿ ಎಲ್ಲರೆದುರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದೆ: "ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೆಳಗಿನ ತಗಡನ್ನ ಯಾವಾಗ ಬಿಚ್ಚೋದು?"

ಕೇಳಿ ಸುಮ್ಮನೆ ಕೂತಿದ್ದರೆ ಮಾನ ಉಳಿಯುತ್ತಿತ್ತೇನೋ. ಬಿಚ್ಚಿದ ತಗಡನ್ನು ಮುಂದಿನ ಮಹಡಿಗೂ ಬಳಸಬಹುದಲ್ಲ, ಇದು ಯಾರಿಗೂ ಹೊಳೆದಿಲ್ಲವೇ ಎಂದು ಸಲಹೆಯನ್ನೂ ಕೊಟ್ಟೆ. ಡ್ರಾಫ್ಟ್ಸ್‌ಮನ್ ಕುಡಿಯುತ್ತಿದ್ದ ಚಹಾ ಮೂಗಿನಿಂದ ಬಂತು. ಪಾಪ, ಹೊಸ ನಕ್ಷೆಯ ಮೇಲೆಯೇ ಬಂತು.

ನನ್ನ ತಪ್ಪಿಗೂ ಒಂದು ವಂಶಾವಳಿ ಇದೆ. ಅಪ್ಪ ಕಟ್ಟಡದ ಕಾಂಟ್ರಾಕ್ಟರ್. ಸೆಂಟ್ರಿಂಗ್ ಹಲಗೆ ಹೊಡೆದು, ಕೆಳಗೆ ಆಸರೆಗೆ ಜಾಕಿ ಕೊಟ್ಟು, ಮೇಲೆ ಕಂಬಿ ಕಟ್ಟಿ, ಕಾಂಕ್ರೀಟ್ ಸುರಿದು, ಅದು ಗಟ್ಟಿಯಾದ ಮೇಲೆ ಹಲಗೆ ಬಿಚ್ಚುವುದನ್ನು ನೋಡಿಕೊಂಡೇ ಬೆಳೆದವನು ನಾನು. ಅತ್ತೆಯ ಆಫೀಸಿನಲ್ಲಿ ಹಲಗೆಯ ಜಾಗದಲ್ಲಿ ಮಡಿಕೆ ಮಡಿಕೆಯಾದ ಉಕ್ಕಿನ ತಗಡು ಬಂದಿತ್ತು. ಹಲಗೆಯನ್ನು ಬಿಚ್ಚುವುದಾದರೆ ತಗಡನ್ನೂ ಬಿಚ್ಚಬೇಕು, ಅಷ್ಟೇ ನನ್ನ ತರ್ಕ.

ಅತ್ತೆ ಮಾತ್ರ ನಗಲಿಲ್ಲ. ಅವರು ಅಪ್ಪನ ಅಕ್ಕ, ಆ ಆಫೀಸಿನ ಒಡತಿ, ಕಟ್ಟಡ ಎಷ್ಟು ಭಾರ ಹೊರುತ್ತದೆ ಎಂದು ಲೆಕ್ಕ ಹಾಕುವ ಎಂಜಿನಿಯರ್. ಕನ್ನಡಕ ಹಣೆಗೇರಿಸಿ, "ಬಾ ಇಲ್ಲಿ. ಎರಡೂ ಅಂಗೈ ಜೋಡಿಸು" ಅಂದರು.

ಜೋಡಿಸಿದೆ.

"ಒಂದರ ಮೇಲೊಂದು ಉಜ್ಜು. ಜಾರುತ್ತಾ?"

"ಜಾರುತ್ತೆ."

"ಈಗ ಬೆರಳು ಹೆಣೆದುಕೊಂಡು ಉಜ್ಜು."

ಒಂದಿಷ್ಟೂ ಜಾರಲಿಲ್ಲ.

"ಹೂಂ. ಒಂದು ಕೈ ಕಾಂಕ್ರೀಟು, ಒಂದು ಕೈ ತಗಡು. ಕಾಂಕ್ರೀಟು ಹಸಿ ಇರೋವಾಗ ತಗಡು ಅದನ್ನ ಹೊತ್ಕೊಂಡಿರುತ್ತೆ. ಗಟ್ಟಿಯಾದ ಮೇಲೆ ತಗಡೇ ಕಂಬಿ. ಕೆಳಗಡೆ ಬೇರೆ ಕಂಬಿ ಹಾಕಿರಲ್ಲ ನಾವು. ಅದನ್ನ ಬಿಚ್ಚಬೇಕು ಅಂತೀಯಲ್ಲ, ನಿನ್ನ ಬೆನ್ನುಮೂಳೆ ಬಿಚ್ಚಿ ನಾಳೆ ಆಫೀಸಿಗೆ ಬರ್ತೀಯಾ?"

ನಾನು ಇಂಗು ತಿಂದ ಮಂಗನ ಹಾಗೆ ನನ್ನ ಕುರ್ಚಿಗೆ ಮರಳಿದೆ. ಸಂಜೆ ಮನೆಯಲ್ಲಿ ಈ ಕಥೆ ಹೇಳಿದಾಗ ಅಪ್ಪ ನಕ್ಕ ರಭಸಕ್ಕೆ ಬೆರಳು ಹೆಣೆಯುವ ಭಾಗ ಯಾರ ಕಿವಿಗೂ ಬೀಳಲಿಲ್ಲ.

ಅತ್ತೆಯ ಬಗ್ಗೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಯಾರ ಮನೆಗೆ ಹೋದರೂ ಅವರು ಹೊಸ್ತಿಲು ದಾಟಿದ ಕೂಡಲೇ ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಗುದ್ದುತ್ತಾರೆ. ಮನೆಯವರು ಚಪ್ಪಲಿಯ ಧೂಳು ಕೊಡವುತ್ತಿದ್ದಾರೆ ಅಂದುಕೊಂಡು ಖುಷಿಪಡುತ್ತಾರೆ. ಅಂಗಡಿಗೆ ಹೋದರೆ ಬೆಲೆ ನೋಡುವ ಬದಲು ಚಾವಣಿ ನೋಡುತ್ತಾ ನಡೆದು ಎದುರಿನವರಿಗೆ ಡಿಕ್ಕಿ ಹೊಡೆಯುತ್ತಾರೆ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ "ಲೆಕ್ಕ ಕೂಡಲಿಲ್ಲ" ಎನ್ನುತ್ತಾರೆ. ಕೇಳಿದವರು ಮತ್ತೆ ಕೇಳುವುದಿಲ್ಲ.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಕಾಂಕ್ರೀಟ್ ಸುರಿಯುವ ದಿನ ಬೆಳಿಗ್ಗೆ ತಾವೇ ಸೈಟಿಗೆ ಹೋಗಿ, ಹಾಸಿದ ತಗಡುಗಳ ನಡುವೆ ಬಗ್ಗಿಕೊಂಡು, ಮಡಿಕೆಗಳ ಪಕ್ಕೆಗೆ ಬರಿಗೈ ಆಡಿಸುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟುವವರ ಹಾಗೆ. ತಗಡಿನ ಅಂಚು ತಾಗಿ ಅಂಗೈ ತುಂಬ ಗೀರು. ಕೆಲಸದವರು ಅವರಿಗೆ "ಅಂಗೈ ಮೇಡಂ" ಎಂದೇ ಹೆಸರಿಟ್ಟಿದ್ದರು. ಸ್ಕೂಟರಿನ ಹಿಂದೆ ಕೂತು, ಅವರು ಗುಂಡಿ ಹಾರಿಸಿದಾಗಲೆಲ್ಲ ಪ್ರಾಣ ಕೈಯಲ್ಲಿ ಹಿಡಿದುಕೊಂಡು, ನಾನೂ ಹೋಗುತ್ತಿದ್ದೆ. ಕೈ ಆಡಿಸದೆ ಅವರು ಯಾರ ಕಾಂಕ್ರೀಟಿಗೂ ಹೂಂ ಅಂದದ್ದನ್ನು ನಾನು ಕಂಡಿರಲಿಲ್ಲ.

ಇನ್ನು ಅಪ್ಪ. ಅಜ್ಜ ಅಜ್ಜಿ ಬೇಗ ತೀರಿಕೊಂಡ ಮನೆಯಲ್ಲಿ ತಮ್ಮನನ್ನು ಬೆಳೆಸಿದ್ದು ಅತ್ತೆಯೇ. ಅಕ್ಕ ಓದಿ ಎಂಜಿನಿಯರ್ ಆದರು, ತಮ್ಮ ಶಾಲೆ ಬಿಟ್ಟು ಗಾರೆ ಕೆಲಸಕ್ಕಿಳಿದು ಕಾಂಟ್ರಾಕ್ಟರ್ ಆದ. ಮೀಸೆ ಬೆಳ್ಳಗಾದ ಮೇಲೂ ಅಪ್ಪ ಅವರಿಗೆ "ಪುಟ್ಟ"ನೇ. ಇಬ್ಬರೂ ಕಟ್ಟಡದವರಾದರೂ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿರಲಿಲ್ಲ. "ಅಕ್ಕನ ನಕ್ಷೆ, ನನ್ನ ಕೈಕೆಲಸ, ಒಂದೇ ಒಂದು ಸಲ ಆಗ್ಲಿ. ಆಮೇಲೆ ಕರಣೆ ಕೆಳಗಿಟ್ಟುಬಿಡ್ತೀನಿ" ಎಂದು ಅಪ್ಪ ಆಗಾಗ ಹೇಳುತ್ತಿದ್ದ.

ಆ ಒಂದು ಸಲ ಬಂತು. ಒಂದು ಮುದ್ರಣಾಲಯದ ಮಾಲೀಕರಿಗೆ ಕಾಗದ ಪೇರಿಸಿಡಲು ಮೇಲೊಂದು ಮಹಡಿ ಬೇಕಿತ್ತು. ಕೆಳಗೆ ಪುಸ್ತಕ ಹೊಲಿಯುವ ಹೆಂಗಸರು ಸಾಲು ಮೇಜುಗಳಲ್ಲಿ ಕೂತು ಕೆಲಸ ಮಾಡುತ್ತಾರೆ. ಅಲ್ಲಿ ವಾರಗಟ್ಟಲೆ ಜಾಕಿ ನಿಲ್ಲಿಸುವ ಹಾಗಿಲ್ಲ. ಹಾಗಾಗಿ ಉಕ್ಕಿನ ತೊಲೆ, ಅದರ ಮೇಲೆ ಮಡಿಕೆ ತಗಡು, ಅದರ ಮೇಲೆ ಕಾಂಕ್ರೀಟು. ಲೆಕ್ಕ ಅತ್ತೆಯದು, ಕಟ್ಟುವುದು ಅಪ್ಪನದು. ಅಪ್ಪನಿಗೆ ತಗಡಿನ ಕೆಲಸ ಇದೇ ಮೊದಲು. ಮನೆಯಲ್ಲಿ ಊಟಕ್ಕೆ ಕೂತರೂ ತಗಡು, ಎದ್ದರೂ ತಗಡು. ನಾನು ಹೇಳಿದ್ದ ನಗೆಪಾಟಲಿನ ಕಥೆಯನ್ನು ನನಗೇ ಹೇಳಿ, "ಬಿಚ್ಚಬಾರದು ಕಣೋ, ಗೊತ್ತಾಯ್ತಾ?" ಎಂದು ಬೆನ್ನು ತಟ್ಟುತ್ತಿದ್ದ.

ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ ಆಫೀಸಿಗೆ ಅಪ್ಪನ ಫೋನ್ ಬಂತು. ಅತ್ತೆ ಪೆನ್ಸಿಲ್ ಕೆಳಗಿಡದೆಯೇ ಮಾತಾಡಿದರು. "ಹೂಂ ಪುಟ್ಟ, ಹಾಕು. ತಿಂಡಿ ಆಯ್ತಾ?" ಅಷ್ಟೇ. ಮತ್ತೆ ನಕ್ಷೆಗೆ ಬಗ್ಗಿದರು. ಸ್ಕೂಟರ್ ಸವಾರಿ ತಪ್ಪಿತಲ್ಲ ಎಂದು ನಾನು ಕುರ್ಚಿಯಲ್ಲೇ ಕಾಲು ಚಾಚಿದೆ.

ಮಹಡಿ ಮುಗಿದು ಗಟ್ಟಿಯಾಯಿತು. ಕಾಗದ ಬರುವ ಮುಂಚೆ ಒಮ್ಮೆ ನೋಡಿಬನ್ನಿ ಎಂದು ಮಾಲೀಕರು ಕರೆದರು. ಅಪ್ಪ ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಒಳಗೆ ಅಂಟಿನ ವಾಸನೆ, ಹೊಲಿಗೆ ಯಂತ್ರದ ಸದ್ದು. ಕತ್ತೆತ್ತಿ ನೋಡಿದರೆ ಕನ್ನಡಿಯಂಥ ಚಾವಣಿ. ಕೆಳಗಿನ ದೀಪಗಳು ತಗಡಿನ ಮಡಿಕೆಗಳಲ್ಲಿ ಗೆರೆ ಗೆರೆಯಾಗಿ ಹೊಳೆಯುತ್ತಿದ್ದವು.

"ಹೇಗಿದೆ ಅಕ್ಕಾ?" ಅಪ್ಪನ ಧ್ವನಿಯಲ್ಲಿ ಶಾಲೆಯಿಂದ ಚಿತ್ರ ಬರೆದು ತಂದ ಹುಡುಗನಿದ್ದ.

ಅತ್ತೆ ಚಾವಣಿಯಿಂದ ಕಣ್ಣು ತೆಗೆಯದೆ "ಏಣಿ" ಅಂದರು.

ಏಣಿ ಹತ್ತಿ, ಕೈಯೆತ್ತಿ, ಒಂದು ಮಡಿಕೆಯ ಪಕ್ಕೆಗೆ ಅಂಗೈ ಇಟ್ಟರು. ಆಡಿಸಿದರು. ಮತ್ತೊಂದಕ್ಕೆ ಇಟ್ಟರು. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. 

"ಪುಟ್ಟಾ, ಗುಳಿ ಎಲ್ಲಿ?"

"ಯಾವ ಗುಳಿ?"

"ಪಕ್ಕೆ ಮೇಲೆ ಸಾಲಾಗಿ ಒತ್ತಿರೋ ಗುಳಿ. ಎಲ್ಲಿ?"

ಅಪ್ಪನ ಮುಖ ಅರಳಿತು. "ಅದಾ! ಮೊದಲು ಬಂದಿದ್ದ ಮಾಲೆಲ್ಲ ಹಾಗೇ ಗುಳಿ ಬಿದ್ದಿತ್ತು ಅಕ್ಕಾ. ಲಾರೀಲಿ ಒಂದರ ಮೇಲೊಂದು ಹೇರಿ ಒತ್ತಿಹೋಗಿದೆ ಅಂದ್ಕೊಂಡೆ. ನಿನ್ನ ಹೆಸರಿರೋ ಕೆಲಸ, ಕೆಳಗಿಂದ ಕಾಣೋ ಚಾವಣಿ, ಗುಳಿ ಬಿದ್ದ ಮಾಲು ಹಾಕ್ತೀನಾ ನಾನು? ಜಗಳ ಆಡಿ ಪೂರ್ತಿ ವಾಪಸ್ ಕಳಿಸಿ ನಯವಾದ್ದೇ ತರಿಸ್ದೆ. ಅಳತೆ, ದಪ್ಪ, ಎತ್ತರ, ಎಲ್ಲ ನಿನ್ನ ನಕ್ಷೆ ಪ್ರಕಾರಾನೇ!"

ನನಗೆ ಮೊದಲ ವಾರ ಹೆಣೆದುಕೊಂಡ ಬೆರಳುಗಳು ನೆನಪಾದವು. ಆ ಗುಳಿಗಳೇ ಬೆರಳು. ಕಾಂಕ್ರೀಟು ಅವುಗಳೊಳಗೆ ಇಳಿದು ತಗಡನ್ನು ಹಿಡಿದುಕೊಳ್ಳುತ್ತದೆ. ಅವಿಲ್ಲದಿದ್ದರೆ ಮೇಲಿರುವುದು ಮಹಡಿಯಲ್ಲ, ತಗಡಿನ ತಟ್ಟೆಯಲ್ಲಿಟ್ಟ ಕಲ್ಲು.

ಅತ್ತೆ ಏಣಿ ಇಳಿದು ನೇರ ಮಾಲೀಕರ ಹತ್ತಿರ ಹೋದರು. "ಮೇಲೆ ಒಂದು ಕಾಗದದ ಕಟ್ಟೂ ಇಡಬೇಡಿ. ಈ ಹೆಂಗಸರನ್ನ ಈಗಲೇ ಆ ಕಡೆ ಕೋಣೆಗೆ ಕಳಿಸಿ. ಈ ಮಹಡಿ ನಾನು ಲೆಕ್ಕ ಹಾಕಿದ ಮಹಡಿ ಅಲ್ಲ."

ಅಪ್ಪ ನಗುತ್ತಿದ್ದವನು ನಗುತ್ತಲೇ ಉಳಿದ. ಮುಖಕ್ಕೆ ಸುದ್ದಿ ತಲುಪಿರಲಿಲ್ಲ. ಮಾಲೀಕರು ಮೇಲೆ ನೋಡಿದರು, ಅತ್ತೆಯನ್ನು ನೋಡಿದರು. "ಏನ್ ಮೇಡಂ, ತಮಾಷೆನಾ? ನಿನ್ನೆ ನಾನೇ ಮೇಲೆ ಕುಣಿದು ನೋಡಿದೀನಿ. ನನ್ನ ತೂಕ ನೋಡಿದ್ರಲ್ಲ?"

"ನಿಮ್ಮನ್ನ ಹೊರುತ್ತೆ. ಕಾಗದ ಹೊರಲ್ಲ. ಕಾಗದ ನಿಮಗಿಂತ ಭಾರ."

"ಅಕ್ಕಾ," ಅಪ್ಪ ಅವರ ಮೊಣಕೈ ಹಿಡಿದು ಪಕ್ಕಕ್ಕೆ ಕರೆದ. "ಕೆಳಗೆ ಇನ್ನೊಂದೆರಡು ತೊಲೆ ಕೊಡೋಣ. ಸದ್ಯಕ್ಕೆ ಅರ್ಧ ಕಾಗದ ಇಡ್ಲಿ. ಹೀಗೆ ಎಲ್ರ ಮುಂದೆ ಯಾಕೆ..."

"ತೊಲೆ ಕೊಟ್ರೆ ಎತ್ತರ ಕಡಿಮೆಯಾಗಿ ಕಾಗದ ಕತ್ತರಿಸೋ ಯಂತ್ರ ಕೆಳಗೆ ಹಿಡಿಸಲ್ಲ. ಅರ್ಧ ಅಂದ್ರೆ ನಾಳೆ ಮುಕ್ಕಾಲು ಆಗುತ್ತೆ, ನಾಡಿದ್ದು ಪೂರ್ತಿ. ನಾನೂ ನೀನೂ ದಿನಾ ಬಂದು ಕಾವಲು ಕೂರ್ತೀವಾ?"

ಮಾಲೀಕರು ನಂಬಲಿಲ್ಲ. ತೂಕ ಹಾಕಿ ತೋರಿಸಿ ಎಂದರು. ಹೆಂಗಸರು ಎದ್ದುಹೋದ ಆ ಖಾಲಿ ಕೋಣೆಯಲ್ಲಿ ಬೀಳಬಹುದಾದದ್ದನ್ನು ತಡೆಯಲು ಮರದ ದಿಮ್ಮಿಗಳನ್ನು ಚಾವಣಿಗೆ ತಾಗದ ಹಾಗೆ ಗೇಣು ಕೆಳಗೆ ಪೇರಿಸಿದೆವು. ಮೆಟ್ಟಿಲಿಗೆಂದು ಬಿಟ್ಟ ತೆರವಿನ ಅಂಚಿನಲ್ಲಿ ಕಾಂಕ್ರೀಟೂ ತಗಡೂ ಒಂದರ ಕೆಳಗೊಂದು ಕಾಣುತ್ತಿದ್ದವು. ಅತ್ತೆ ಅಲ್ಲಿ ಸೀಮೆಸುಣ್ಣದಿಂದ ಮೇಲಿಂದ ಕೆಳಕ್ಕೆ ಒಂದು ನೇರ ಗೆರೆ ಎಳೆದರು, ಅರ್ಧ ಕಾಂಕ್ರೀಟಿನ ಮೇಲೆ, ಅರ್ಧ ತಗಡಿನ ಮೇಲೆ. ಆಮೇಲೆ ಮರಳಿನ ಚೀಲಗಳನ್ನು ಒಂದೊಂದಾಗಿ ಮೇಲೇರಿಸುವುದು ಶುರುವಾಯಿತು. ಮೇಲೆ ಯಾರೂ ನಿಲ್ಲದೆ, ಹೊರಗೆ ಕಟ್ಟಿದ್ದ ಮರದ ಸಾರುವೆಯ ಮೇಲೆ ನಿಂತೇ ಹಗ್ಗ ಕಟ್ಟಿ ಎಳೆದು ಕೂರಿಸುತ್ತಿದ್ದರು. ನಾನು ಗೆರೆಯ ಹತ್ತಿರ ಟಾರ್ಚ್ ಹಿಡಿದು ನಿಂತ ಮಹಾವೀರ. 

ಚೀಲಗಳ ತೂಕ ಕಾಗದದ ಭಾರದ ಅರ್ಧಕ್ಕೂ ಮುಟ್ಟಿರಲಿಲ್ಲ. ಲಟಿಕೆ ಮುರಿದ ಹಾಗೆ ಒಂದು ಸದ್ದು. ಅಷ್ಟೇ. ಏನೂ ಬೀಳಲಿಲ್ಲ. ಮಾಲೀಕರು "ನೋಡಿ, ಏನೂ ಆಗ್ಲಿಲ್ಲ" ಅಂದರು.

ಟಾರ್ಚ್ ಬೆಳಕಿನಲ್ಲಿ ನಾನು ನೋಡಿದೆ. ಬೆರಳು ತೋರಿಸಿದೆ. ಒಂದು ಗೆರೆ ಇದ್ದಲ್ಲಿ ಎರಡು ತುಂಡುಗಳಿದ್ದವು. ಕಾಂಕ್ರೀಟಿನ ಮೇಲಿನ ಗೆರೆ, ತಗಡಿನ ಮೇಲಿನ ಗೆರೆಯನ್ನು ಬಿಟ್ಟು ಬೆರಳಗಲ ಆಚೆ ಸರಿದಿತ್ತು. ನೋಡುತ್ತಿದ್ದ ಹಾಗೇ ಚಾವಣಿಯ ಆ ಭಾಗ ತೊಟ್ಟಿಲಿನಂತೆ ಬಾಗಿ ಬಂದು ದಿಮ್ಮಿಗಳ ಮೇಲೆ ಕೂತಿತು. ಇಡೀ ಕೋಣೆಯೇ ಒಮ್ಮೆ ಉಸಿರು ಬಿಟ್ಟ ಹಾಗಾಯಿತು.

ಅಪ್ಪ ಆ ದಿಮ್ಮಿಗಳ ಪಕ್ಕದಲ್ಲಿದ್ದ ಖಾಲಿ ಮೇಜುಗಳನ್ನೇ ನೋಡುತ್ತಿದ್ದ. ಒಂದರ ಮೇಲೆ ಯಾರೋ ಬಿಟ್ಟುಹೋದ ಕನ್ನಡಕವಿತ್ತು. ಅದನ್ನೆತ್ತಿ ಜೇಬಿಗಿಟ್ಟುಕೊಂಡು, "ಸುತ್ತಿಗೆ ತರಿಸ್ತೀನಿ" ಅಂದ. 

ಮಹಡಿಯನ್ನು ಅಪ್ಪನೇ ನಿಂತು ಒಡೆಸಿದ. ಮೇಲಿನಿಂದ ಕಾಂಕ್ರೀಟಿನ ತುಂಡುಗಳನ್ನು ತೆಗೆದಂತೆ, ಬಾಗದೆ ಉಳಿದ ಕಡೆಯೆಲ್ಲ ಕೆಳಗಿನ ತಗಡು ಒಂದು ಗೀರೂ ಇಲ್ಲದೆ, ಹಾಸಿದ ದಿನ ಇದ್ದ ಹಾಗೆಯೇ ಹೊಳೆಯುತ್ತಾ ಕಳಚಿಕೊಂಡು ಬಂತು. ಮೊದಲ ವಾರ ನಾನು ಕೇಳಿದ ಪ್ರಶ್ನೆಗೆ ಉತ್ತರ ಹೀಗೆ ಕಣ್ಣೆದುರು ಬಂದು ನಿಂತಿತ್ತು. ತಗಡು ಬಿಚ್ಚಬಹುದು. ಬಿಚ್ಚಲು ಬಂದರೆ ಅದು ಮಹಡಿಯೇ ಅಲ್ಲ. ಡ್ರಾಫ್ಟ್ಸ್‌ಮನ್ ಕೂಡ ಬಂದಿದ್ದರು, ನನ್ನ ಮುಖ ನೋಡಿದರು. ಈ ಸಲ ಅವರೂ ನಗಲಿಲ್ಲ.

ಗುಳಿ ಇರುವ ತಗಡು ಬಂದು ಹೊಸ ಕಾಂಕ್ರೀಟ್ ಬೀಳುವವರೆಗೆ ಅಪ್ಪ ಊಟಕ್ಕೆ ಕೂತರೂ ತಗಡಿನ ಹೆಸರೆತ್ತಲಿಲ್ಲ. ಸುರಿಯುವ ದಿನ ಅತ್ತೆ ಬೆಳಿಗ್ಗೆಯೇ ಹೋಗಿ, ಒಂದು ತಗಡೂ ಬಿಡದೆ ಅಂಗೈ ಆಡಿಸಿ, ಆಮೇಲೆ ತಲೆಯಾಡಿಸಿದರು. ಅಪ್ಪ ಅವರ ಹಿಂದೆಯೇ ಬಗ್ಗಿಕೊಂಡು ತಾನೂ ಅಂಗೈ ಆಡಿಸುತ್ತಾ ಬಂದ. ಇಬ್ಬರೂ ಪರಸ್ಪರ ಮುಖ ನೋಡಲಿಲ್ಲ.

ಅಂದು ಮಧ್ಯಾಹ್ನ ಅಮ್ಮ ಹಟ ಮಾಡಿ ಅತ್ತೆಯನ್ನು ಊಟಕ್ಕೆ ಕರೆದಳು. ಒಳಗೆ ಬಂದ ಅತ್ತೆ ಹಿಮ್ಮಡಿಯಿಂದ ನೆಲ ಗುದ್ದುವುದನ್ನು ಮರೆತಿದ್ದರು. ಅಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ. ನಾನು ಏನಾದರೂ ಜೋಕು ಹೊಡೆಯಬೇಕೆಂದು ಬಾಯಿ ತೆರೆದು, ಜೋಕು ಸಿಗದೆ ನೀರು ಕುಡಿದೆ. ಬಡಿಸುತ್ತಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ. ಸೌಟು ಪಾತ್ರೆಯಲ್ಲೇ ಬಿಟ್ಟು ಕೇಳಿಯೇಬಿಟ್ಟಳು.

"ಅತ್ತಿಗೆ, ತಪ್ಪು ತಿಳ್ಕೋಬೇಡಿ. ಮಾಲೀಕರಿಗೆ ಏನೋ ಒಂದು ಕಾರಣ ಹೇಳಿ ಹೆಂಗಸರನ್ನ ಹೊರಗೆ ಕಳಿಸಿ, ಸದ್ದಿಲ್ಲದೆ ಸರಿಮಾಡಿಸಬಹುದಿತ್ತು. ಅಷ್ಟು ಜನರ ಮುಂದೆ ಇವರ ಮಾನ ಹೋಯ್ತು. ಸ್ವಂತ ತಮ್ಮ ಅಂತ ಒಂದೇ ಒಂದು ಸಲ ಕಣ್ಣು ಮುಚ್ಚಿಕೊಳ್ಳೋಕೆ ಆಗ್ಲಿಲ್ವಾ ನಿಮಗೆ?"

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅತ್ತೆ ಗೀರು ಬಿದ್ದ ಅಂಗೈಯನ್ನು ಮಡಿಲಲ್ಲಿ ಮಗುಚಿಟ್ಟುಕೊಂಡರು.

"ಮುಚ್ಚಿಕೊಂಡಿದ್ದೆ ಕಣಮ್ಮ. ಮೊದಲನೇ ಸಲ ಕಾಂಕ್ರೀಟ್ ಸುರಿಯೋ ದಿನ, ನನ್ನ ತಮ್ಮನ ಕೆಲಸ ತಾನೇ ಅಂತ ನೋಡೋಕೇ ಹೋಗ್ಲಿಲ್ಲ. ಅದಕ್ಕೇ ಒಡೆಸಬೇಕಾಯ್ತು."